ಪಂಪ್‌ಸೆಟ್, ಸೆಟ್ ದೋಸೆ, ಸನ್‌ಸೆಟ್: ಇವೆಲ್ಲಾ ಒಂದೇ ‘ಸೆಟ್’ ಆ?

ಪ್ರಶ್ನೆ: ಶ್ರೀನಿವಾಸಪುರದಲ್ಲಿ ನನ್ನದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಇಂಗ್ಲಿಷ್ ನಿಘಂಟಿನಲ್ಲಿ ‘ಸೆಟ್’ ಪದ ತೆಗೆದು ನೋಡಿದಳು. ‘ಅಪ್ಪಾ, ಇದೊಂದೇ ಪದಕ್ಕೆ ಪುಟಗಟ್ಟಲೆ ಅರ್ಥ ಕೊಟ್ಟಿದ್ದಾರೆ, ಎಲ್ಲಾ ಬಾಯಿಪಾಠ ಮಾಡ್ಬೇಕಾ?’ ಅಂತ ಕೇಳಿದಳು. ಪಂಪ್‌ಸೆಟ್, ಟಿವಿ ಸೆಟ್, ಸಿನಿಮಾ ಸೆಟ್, ಸೆಟ್ ದೋಸೆ, ಸನ್‌ಸೆಟ್ ಎಲ್ಲವೂ ಒಂದೇ ಪದವಾ? ಒಂದು ಚಿಕ್ಕ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು? ಕಲಿಯುವುದು ಹೇಗೆ? ಕೆ-ಸೆಟ್ ಪರೀಕ್ಷೆಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಬಾಯಿಪಾಠ ಖಂಡಿತ ಬೇಡ. ಬಾಯಿಪಾಠ ಮಾಡಲು ಹೊರಟರೆ ಮುಗಿಯುವುದೂ ಇಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಕ್ರಿಯಾಪದಕ್ಕೆ. ಸುಮಾರು 430 ಅರ್ಥ, 60,000 ಪದಗಳ ವಿವರಣೆ. ಒಂದು ಪುಟ್ಟ ಪುಸ್ತಕವೇ ಆಯಿತು. ಆಮೇಲೆ ನಿಘಂಟಿನ ಪರಿಷ್ಕರಣೆ ನಡೆಯುತ್ತಾ ಹೋಯಿತು. 2011ರಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಮುಂದೆ ಹೋಯಿತು. ಹಾಗಾಗಿ ‘ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಸೆಟ್’ ಎಂದು ಹಳೆಯ ಜಿಕೆ ಪುಸ್ತಕಗಳಲ್ಲಿ ಇರುವುದನ್ನು ಈಗ ಹಾಗೇ ಒಪ್ಪುವ ಹಾಗಿಲ್ಲ.

ಈ ಸಂಖ್ಯೆ ನೋಡಿ ಮಗಳು ಹೆದರಬೇಕಾಗಿಲ್ಲ. ಇಂಗ್ಲಿಷ್ ಮಾತಾಡುವವರು ಯಾರೂ 430 ಅರ್ಥ ತಲೆಯಲ್ಲಿ ಇಟ್ಟುಕೊಂಡು ಓಡಾಡುವುದಿಲ್ಲ. ಆ ನಿಘಂಟು ಸಾವಿರ ವರ್ಷಕ್ಕೂ ಹಳೆಯ ಬರಹಗಳನ್ನು ಜಾಲಾಡಿ, ಪದದ ಒಂದೊಂದು ಸಣ್ಣ ಹೊರಳನ್ನೂ ಬೇರೆ ಬೇರೆ ನಂಬರ್ ಕೊಟ್ಟು ಬರೆದಿಟ್ಟಿದೆ. ಬಲೆ ಒಡ್ಡುವುದಕ್ಕೆ ಒಂದು ನಂಬರ್, ಹಾಯಿ ಬಿಚ್ಚುವುದಕ್ಕೆ ಒಂದು, ಸತ್ತುಹೋದ ಬಳಕೆಗಳಿಗೂ ಒಂದೊಂದು. ಹಾಗೆ ಎಣಿಸಿದರೆ ನಮ್ಮ ‘ಹೊಡೆ’ ಏನು ಕಡಿಮೆಯಾ? ಗೋಡೆಗೆ ಸುಣ್ಣ ಹೊಡೀತೀವಿ. ಟೊಮೇಟೊಗೆ ಔಷಧಿ ಹೊಡೀತೀವಿ. ಹೊಲಕ್ಕೆ ಗೊಬ್ಬರ ಹೊಡೀತೀವಿ, ಸೈಕಲ್‌ಗೆ ಗಾಳಿ ಹೊಡೀತೀವಿ. ಕೆಲಸ ಇಲ್ಲದಾಗ ಹರಟೆ ಹೊಡೀತೀವಿ, ಅದೂ ಬೇಜಾರಾದರೆ ನಿದ್ದೆ ಹೊಡೀತೀವಿ. ಚರಂಡಿ ವಾಸನೆ ಹೊಡೆಯುತ್ತದೆ, ಅದೃಷ್ಟ ಇದ್ದವರಿಗೆ ಲಾಟರಿ ಹೊಡೆಯುತ್ತದೆ. ಇದರಲ್ಲಿ ಯಾರಿಗೂ ಏಟು ಬಿದ್ದಿಲ್ಲ. ನಿಮ್ಮ ಕಡೆ ಮನೆಮನೆಯಲ್ಲೂ ತೆಲುಗು ಇರುತ್ತದೆ, ಅಲ್ಲಿ ‘ಪೆಟ್ಟು’ ನೋಡಿ. ಅನ್ನಂ ಪೆಟ್ಟು ಅಂದರೆ ಊಟಕ್ಕೆ ಬಡಿಸು, ಪೇರು ಪೆಟ್ಟು ಅಂದರೆ ಹೆಸರಿಡು, ದಂಡಂ ಪೆಟ್ಟು ಅಂದರೆ ಕೈ ಮುಗಿ. ಇದನ್ನೆಲ್ಲಾ ನಿಮಗೆ ಯಾರೂ ಪಟ್ಟಿ ಮಾಡಿ ಕಲಿಸಿಲ್ಲ.

ಈಗ ಸೆಟ್‌ಗೆ ಬರೋಣ. ಮೊದಲು ತಿಳಿಯಬೇಕಾದ್ದು, ಅದು ಒಂದು ಪದ ಅಲ್ಲ, ಎರಡು. ಎರಡು ಬೇರೆ ಬೇರೆ ಊರಿಂದ ಬಂದವು, ಕಾಲಕ್ರಮದಲ್ಲಿ ಒಂದೇ ಉಚ್ಚಾರಣೆ, ಒಂದೇ ಸ್ಪೆಲ್ಲಿಂಗ್ ಆಗಿ ಕೂತವು.

ಕ್ರಿಯಾಪದವಾದ ಸೆಟ್ ಇಂಗ್ಲಿಷಿನ ಸ್ವಂತ ಪದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸೆಟ್ಟನ್’. ಅದರ ಅಣ್ಣ ‘ಸಿಟ್’. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಕನ್ನಡದವರಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ಬೇಕಾಗಿಲ್ಲ. ನಾವು ಎಲ್ಲೆಲ್ಲಿ ‘ಕೂರಿಸು’ ಅನ್ನುತ್ತೇವೋ ಅಲ್ಲೆಲ್ಲಾ ಹೆಚ್ಚುಕಮ್ಮಿ ಇಂಗ್ಲಿಷಿನವರು ಸೆಟ್ ಅನ್ನುತ್ತಾರೆ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಇಂಗ್ಲಿಷಿನಲ್ಲಿ ಅದು ಸ್ಟೋನ್ ಸೆಟ್ಟಿಂಗ್. ಗೌರಿ ಹಬ್ಬದ ಮಾರನೇ ದಿನ ಗಣೇಶನನ್ನು ಕೂರಿಸುತ್ತೇವೆ, ದಸರಾದಲ್ಲಿ ಗೊಂಬೆ ಕೂರಿಸುತ್ತೇವೆ. ಬಡಗಿ ಬಾಗಿಲ ಚೌಕಟ್ಟು ಕೂರಿಸುತ್ತಾನೆ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಹಳ್ಳಿಯಲ್ಲಿ ನಾಟಿಕೋಳಿ ಮೊಟ್ಟೆ ಇಟ್ಟು ಮುಗಿಸಿ ಕೊಕ್‌ಕೊಕ್ ಅಂತ ಮಂಕಾಗಿ ಒಂದು ಮೂಲೆ ಹಿಡಿಯುತ್ತದೆ. ಆಗ ಮನೆಯ ಹೆಂಗಸರು ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಇಪ್ಪತ್ತೊಂದು ದಿನಕ್ಕೆ ಮರಿ. ಇಂಗ್ಲಿಷ್ ರೈತರೂ ಹೀಗೆ ಕಾವಿಗೆ ಕೂರಿಸುವುದಕ್ಕೆ ಸೆಟ್ ಎ ಹೆನ್ ಅನ್ನುತ್ತಾರೆ. ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ರಾಯಲ್ಪಾಡು! ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ಕೂರಿಸುವುದು ಅನ್ನುವ ಕೆಲಸದಿಂದ ಎರಡೂ ಕಡೆಯವರ ಮನಸ್ಸು ಒಂದೇ ದಾರಿ ಹಿಡಿದಿದೆ.

ಸಂಸ್ಕೃತದ ಜೊತೆ ಮಾತ್ರ ನೆಂಟಸ್ತಿಕೆ ನಿಜವಾಗಿಯೂ ಇದೆ. ಸಿಟ್, ಸೆಟ್, ಸೀಟ್, ಸ್ಯಾಡಲ್ ಎಲ್ಲವೂ ಯಾವ ಬೇರಿನಿಂದ ಬಂದವೋ, ಸಂಸ್ಕೃತದ ‘ಸದ್’ ಧಾತುವೂ ಅದೇ ಬೇರಿನದು. ಕೂರುವ ಜಾಗ ಸದನ. ಸುತ್ತ ಕೂತರೆ ಪರಿಷತ್ತು, ಒಟ್ಟಿಗೆ ಕೂತರೆ ಸಂಸತ್ತು, ಗುರುವಿನ ಹತ್ತಿರ ಕೂತು ಕಲಿತರೆ ಉಪನಿಷತ್ತು.

ಎರಡನೇ ಸೆಟ್ ಫ್ರೆಂಚ್ ಕಡೆಯಿಂದ ಬಂದದ್ದು. ಮೂಲ ಲ್ಯಾಟಿನ್‌ನ ‘ಸೆಕ್ಟಾ’. ಅಂದರೆ ಒಬ್ಬರ ಹಿಂದೆ ಹೋಗುವವರ ಗುಂಪು, ಪಂಥ. ಇಂಗ್ಲಿಷಿನ ‘ಸೆಕ್ಟ್’ ಕೂಡ ಇದೇ. ಮೊದಮೊದಲು ಇದು ಜನರ ಗುಂಪಿಗೆ ಇದ್ದ ಹೆಸರು. ಆಮೇಲೆ ಒಟ್ಟಿಗೆ ಇರಬೇಕಾದ ವಸ್ತುಗಳಿಗೂ ಬಂತು. ಸ್ಪ್ಯಾನರ್ ಸೆಟ್, ಟೀ ಸೆಟ್, ಚೆಸ್ ಸೆಟ್ ಎಲ್ಲಾ ಈ ಕಡೆಯವು. ಒಂದಕ್ಕೊಂದು ಹೊಂದಿಸಿ ಇಟ್ಟದ್ದು ಎಂಬ ಅರ್ಥದಲ್ಲಿ ಮೊದಲ ಸೆಟ್ಟೂ ಇದರ ಜೊತೆ ಬೆರೆತಿದೆ. ಕೆಲವು ಕಡೆ ಯಾವುದು ಯಾರ ಮಗು ಅಂತ ಹೇಳುವುದೇ ಕಷ್ಟ.

ನಿಮ್ಮ ಪಂಪ್‌ಸೆಟ್ ಎರಡನೇ ಗುಂಪಿನದು. ಪಂಪ್ ಒಂದೇ ಆದರೆ ಅದು ಬರೀ ಪಂಪ್. ಅದಕ್ಕೆ ಮೋಟಾರೋ ಡೀಸೆಲ್ ಎಂಜಿನ್ನೋ ಜೋಡಿಯಾದಾಗ ಪಂಪ್‌ಸೆಟ್. ತೆರೆದ ಬಾವಿಯ ಕಾಲದಲ್ಲಿ ಬಾವಿ ದಂಡೆಯ ಮೇಲೆ ಎಂಜಿನ್ ಬೇರೆ, ಪಂಪ್ ಬೇರೆ ಕಣ್ಣಿಗೆ ಕಾಣುತ್ತಿದ್ದವು, ಹಾಗಾಗಿ ಹೆಸರು ಸಲೀಸಾಗಿ ಅರ್ಥವಾಗುತ್ತಿತ್ತು. ಈಗ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬಾವಿಗಳು ಬತ್ತಿ, ಎಲ್ಲಾ ಬೋರ್‌ವೆಲ್‌ನೊಳಗಿನ ಸಬ್‌ಮರ್ಸಿಬಲ್. ಮೋಟಾರು, ಪಂಪು ಒಂದೇ ಕೊಳವೆಯ ಹಾಗೆ ಕಾಣುತ್ತವೆ. ಆದರೂ ಹೆಸರು ಪಂಪ್‌ಸೆಟ್ಟೇ. ವಿದ್ಯುತ್ ಕಚೇರಿಯ ಭಾಷೆಯಲ್ಲಿ ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್.

ಸೆಟ್ ದೋಸೆಯೂ ಈ ಮನೆಯದೇ. ಒಂದು ಪ್ಲೇಟಿಗೆ ಎರಡೋ ಮೂರೋ ಮೆತ್ತನೆಯ ದೋಸೆ, ಜೊತೆಗೆ ಸಾಗು, ಚಟ್ನಿ. ಒಂದೇ ದೋಸೆ ಕೊಟ್ಟು ಸೆಟ್ ಅಂದರೆ ಜಗಳ ಮಾಡಬಹುದು! ಟಿವಿ ಸೆಟ್, ರೇಡಿಯೋ ಸೆಟ್ ಅಂದದ್ದು ಹಲವು ಬಿಡಿಭಾಗ ಕೂಡಿಸಿದ ಉಪಕರಣ ಎಂಬ ಅರ್ಥದಲ್ಲಿ. ಆ ಟಿವಿ ಸೆಟ್‌ನ ತಲೆಯ ಮೇಲೆ ಇಡುವ ಡಬ್ಬಿಗೆ ಸೆಟ್‌ಟಾಪ್ ಬಾಕ್ಸ್ ಎಂದು ಹೆಸರಾಯಿತು. ಈಗಿನ ತೆಳು ಟಿವಿ ಮೇಲೆ ಅದನ್ನು ಇಟ್ಟು ತೋರಿಸಿ ನೋಡೋಣ.

ಗಣಿತದ ಸೆಟ್ ಕೂಡ ಗುಂಪೇ. ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಅದಕ್ಕೆ ‘ಗಣ’ ಅಂತ ಚಂದದ ಹೆಸರಿದೆ. ಟೆನಿಸ್‌ನಲ್ಲಿ ಹಲವು ಗೇಮ್ ಸೇರಿದರೆ ಒಂದು ಸೆಟ್. ಸಿನಿಮಾ ಸೆಟ್ ಮಾತ್ರ ಕೂರಿಸಿದ ಸೆಟ್. ರಂಗದ ಮೇಲೆ ನಿಲ್ಲಿಸಿದ, ಜೋಡಿಸಿದ ದೃಶ್ಯ ಅದು.

ಈಗ ನಿಮ್ಮ ಅಂಗಡಿಯನ್ನೇ ಪಾಠದ ಕೋಣೆ ಮಾಡೋಣ. ಸುಟ್ಟ ಮೋಟಾರು ಬಂತು ಅಂದುಕೊಳ್ಳಿ. ಸ್ಪ್ಯಾನರ್ ಸೆಟ್ ತೆಗೆಯುತ್ತೀರಿ. ಇದು ಗುಂಪು. ಪುಲ್ಲಿ ಇರುವ ಮೋಟಾರಾದರೆ ಶಾಫ್ಟ್ ಮೇಲೆ ಅದು ಜಾರದಂತೆ ಬಿಗಿದ ಒಂದು ಗುಂಡು ಸ್ಕ್ರೂ ಬಿಚ್ಚಬೇಕು. ಅದರ ಹೆಸರೇ ಸೆಟ್ ಸ್ಕ್ರೂ. ಇಲ್ಲಿ ಸೆಟ್ ಅಂದರೆ ಕದಲದ ಹಾಗೆ ಕೂರಿಸುವಂಥದ್ದು. ಹಳೆ ತಂತಿ ಕಿತ್ತು, ಹೊಸ ಕಾಯಿಲ್ ಇಳಿಸಿ, ವಾರ್ನಿಷ್ ಹೊಯ್ಯುತ್ತೀರಿ. ವಾರ್ನಿಷ್ ಸೆಟ್ ಆಗುವ ತನಕ ಮುಟ್ಟುವ ಹಾಗಿಲ್ಲ. ಇಲ್ಲಿ ಸೆಟ್ ಅಂದರೆ ಗಟ್ಟಿಯಾಗುವುದು. ಮೋಟಾರು ತೋಟಕ್ಕೆ ಹೋದ ಮೇಲೆ ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇಯ ಪುಟ್ಟ ಡಯಲನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿ, ಮೋಟಾರಿನ ನೇಮ್‌ಪ್ಲೇಟಿನಲ್ಲಿ ಬರೆದಿರುವ ಆಂಪಿಯರ್‌ಗೆ ಸರಿಯಾಗಿ ನಿಲ್ಲಿಸುತ್ತೀರಿ. ಅದು ಸೆಟ್ಟಿಂಗ್. ಜಾಸ್ತಿ ಇಟ್ಟರೆ ರಿಲೇ ಟ್ರಿಪ್ ಆಗದೆ ಮೋಟಾರು ಮತ್ತೆ ನಿಮ್ಮ ಅಂಗಡಿಗೇ ಬರುತ್ತದೆ, ಕಮ್ಮಿ ಇಟ್ಟರೆ ಸುಮ್ಸುಮ್ನೆ ಟ್ರಿಪ್ ಆಗಿ ರೈತ ಫೋನ್ ಮಾಡುತ್ತಾನೆ. ಟ್ರಿಪ್ ಆದದ್ದನ್ನು ಮತ್ತೆ ಮೊದಲಿನ ಜಾಗಕ್ಕೆ ಕೂರಿಸುವ ಗುಂಡಿ ರೀಸೆಟ್. ಒಂದು ಮೋಟಾರಿನ ಕೆಲಸದಲ್ಲಿ ನಾಲ್ಕೈದು ಅರ್ಥ ಬಂದುಹೋದವು. ನಿಮಗೆ ಒಂದರಲ್ಲೂ ಗೊಂದಲ ಆಗಿಲ್ಲ, ಅಲ್ವಾ?

ಯಾಕೆ ಗೊಂದಲ ಆಗಲಿಲ್ಲ ಅಂದರೆ, ಪಕ್ಕದಲ್ಲಿ ಯಾವ ಪದ ಇದೆ, ಯಾವ ಕೆಲಸದ ಮಾತು ನಡೆಯುತ್ತಿದೆ ಅನ್ನುವುದು ನಿಮಗೆ ಗೊತ್ತಿತ್ತು. ಸ್ಪ್ಯಾನರ್ ಪಕ್ಕ ಬಂದ ಸೆಟ್ ಗಟ್ಟಿಯಾಗಲಾರದು, ವಾರ್ನಿಷ್ ಪಕ್ಕ ಬಂದ ಸೆಟ್ ಗುಂಪಾಗಲಾರದು. ನಿಮ್ಮ ಮಗಳೂ ಸೆಟ್ ಪದವನ್ನು ದಿಟ್ಟಿಸಿ ನೋಡುವುದು ಬಿಟ್ಟು, ಅದರ ಅಕ್ಕಪಕ್ಕ ನೋಡಬೇಕು.

ಕೂರಿಸುವುದರಿಂದ ಗಟ್ಟಿಯಾಗುವುದು ಹೇಗೆ ಬಂತು ಅನ್ನುವುದು ಒಂದು ಒಳ್ಳೆಯ ಸಂಗತಿ. ಅಲ್ಲಾಡುತ್ತಿದ್ದದ್ದು ಒಂದು ಕಡೆ ಕೂತು, ಇನ್ನು ಕದಲುವುದಿಲ್ಲ ಅನ್ನುವ ಹಂತಕ್ಕೆ ಬಂದರೆ ಅದು ಸೆಟ್. ಮೊಸರು ಹೆಪ್ಪುಗಟ್ಟಿದರೂ ಸೆಟ್, ಜೆಲ್ಲಿ ನಿಂತರೂ ಸೆಟ್. ಸಿಮೆಂಟಿನ ವಿಷಯದಲ್ಲಿ ಎಂಜಿನಿಯರ್‌ಗಳು ಇನ್ನೂ ಒಂದು ಗೆರೆ ಎಳೆದಿದ್ದಾರೆ. ಕಲಸಿದ ಸಿಮೆಂಟ್ ತನ್ನ ಮೆದುತನ ಕಳೆದುಕೊಳ್ಳುವುದು ಸೆಟ್ಟಿಂಗ್, ಆಮೇಲೆ ದಿನದಿಂದ ದಿನಕ್ಕೆ ಬಲ ಬರುವುದು ಹಾರ್ಡನಿಂಗ್. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕಿಂತ ಮುಂಚೆ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಸೆಟ್ ಆಗಿ ಮುಗಿಯಬೇಕು. ಕಲಸಿಟ್ಟು ಟೀ ಕುಡಿಯಲು ಹೋಗಿ ಹರಟೆ ಹೊಡೆದು ಬಂದರೆ ಮೇಸ್ತ್ರಿ ಬೈಯುವುದು ಇದಕ್ಕೇ. ಸೆಟ್ ಆಯ್ತು ಅಂತ ನೀರು ಹಾಕುವುದು ನಿಲ್ಲಿಸಿದರೂ ಬೈಯುತ್ತಾರೆ, ಯಾಕೆಂದರೆ ಹಾರ್ಡನಿಂಗ್ ಇನ್ನೂ ಬಾಕಿ ಇರುತ್ತದೆ.

ಶ್ರೀನಿವಾಸಪುರ ಅಂದಮೇಲೆ ಮಾವು ಬಿಡುವ ಹಾಗಿಲ್ಲ. ತೋಟಗಾರಿಕೆ ಇಲಾಖೆಯವರ ಇಂಗ್ಲಿಷ್ ಕರಪತ್ರದಲ್ಲಿ ‘ಫ್ರೂಟ್ ಸೆಟ್’ ಅಂತ ನೋಡಿರುತ್ತೀರಿ. ಅದು ಹಣ್ಣಿನ ಗುಂಪು ಅಲ್ಲ. ಹೂವು ಪರಾಗ ಪಡೆದು ಹೀಚು ಕಚ್ಚುವುದು. ಒಂದು ಗೊಂಚಲಲ್ಲಿ ನೂರಾರು, ಕೆಲವು ಸಲ ಸಾವಿರಾರು ಹೂ ಇದ್ದರೂ ಕೊನೆಗೆ ಮರದಲ್ಲಿ ನಿಲ್ಲುವುದು ಒಂದೋ ಎರಡೋ ಕಾಯಿ. ಟೊಮೇಟೊದವರಿಗೂ ಇದೇ ಚಿಂತೆ, ಬಿಸಿಲು ಅತಿಯಾದರೆ ಹೂ ಉದುರಿ ಫ್ರೂಟ್ ಸೆಟ್ ಕೈಕೊಡುತ್ತದೆ. ನಾವು ‘ಕಾಯಿ ಕಟ್ಟು’, ‘ಕಾಯಿ ಕಚ್ಚು’, ‘ಕಾಯಿ ನಿಲ್ಲು’ ಅನ್ನುತ್ತೇವೆ. ಅವರಿಗೂ ಕಾಯಿ ಕೂತರೆ ಸೆಟ್. ಮುರಿದ ಮೂಳೆಯನ್ನು ಸರಿಯಾದ ಜಾಗಕ್ಕೆ ಕೂರಿಸುವುದೂ ಸೆಟ್ಟೇ. ನಿಮ್ಮ ಕಡೆಯವರು ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುತ್ತಾರಲ್ಲ, ಆ ಕೆಲಸ ಮಾಡುವವರಿಗೆ ಇಂಗ್ಲಿಷಿನಲ್ಲಿ ಬೋನ್‌ಸೆಟ್ಟರ್ ಎಂದು ಹೆಸರು. ಗಣಿ ಕೆಲಸದ ಇಂಗ್ಲಿಷಿನಲ್ಲಿ ಸುರಂಗದ ಚಾವಣಿ ಕುಸಿಯದಂತೆ ಆನಿಸುವ ಮರದ ಅಥವಾ ಉಕ್ಕಿನ ಚೌಕಟ್ಟಿಗೂ ಸೆಟ್ ಅನ್ನುವ ರೂಢಿ ಇದೆ.

ಸನ್‌ಸೆಟ್‌ನಲ್ಲಿ ಸೂರ್ಯನನ್ನು ಯಾರೂ ಕೂರಿಸುತ್ತಿಲ್ಲ, ಅವನೇ ಇಳಿದು ಕೂರುತ್ತಾನೆ. ನಮಗೆ ಹೊತ್ತು ಮುಳುಗುತ್ತದೆ, ಅವರಿಗೆ ಹೊತ್ತು ಕೂರುತ್ತದೆ.

ಇಷ್ಟರಲ್ಲೇ ಅರ್ಥ ಯಾಕೆ ಹೆಚ್ಚಾಯಿತು ಅನ್ನುವ ಪ್ರಶ್ನೆಗೂ ಉತ್ತರ ಬಂತು. ಅಚ್ಚಿನ ಮನೆಯವರು ಬಂದರು, ಅಚ್ಚುಮೊಳೆ ಜೋಡಿಸುವುದಕ್ಕೆ ಹೊಸ ಪದ ಹುಡುಕಲಿಲ್ಲ, ಸೆಟ್ ಅಂದರು. ಗಡಿಯಾರದವರು ಬಂದರು, ಅಲಾರಂ ಸೆಟ್ ಅಂದರು. ಪ್ರತಿ ಕಸುಬಿನವರೂ ಕೈಗೆ ಸಿಕ್ಕಿದ ಸಣ್ಣ ಪದವನ್ನೇ ತಮ್ಮ ಕೆಲಸಕ್ಕೆ ಹಚ್ಚಿಕೊಂಡರು. ದೊಡ್ಡ ಪದಗಳಿಗೆ ಈ ಭಾಗ್ಯ ಇಲ್ಲ. ‘ಫೋಟೋಸಿಂಥೆಸಿಸ್’ಗೆ ಒಂದೇ ಅರ್ಥ, ಅದನ್ನು ಯಾರೂ ಬೇರೆ ಕೆಲಸಕ್ಕೆ ಎರವಲು ತರುವುದಿಲ್ಲ.

ಇನ್ನು ಮಗಳು ನಿಜವಾಗಿ ಬೆವರು ಸುರಿಸಬೇಕಾದ ಜಾಗ ಬೇರೆ ಇದೆ. ಸೆಟ್ ಪಕ್ಕ ಆಫ್, ಅಪ್, ಇನ್, ಎಸೈಡ್ ಥರದ ಪದಗಳು ಸೇರಿದಾಗ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ನಮ್ಮಲ್ಲೂ ‘ತೆಗೆದುಕೊ’ ಬೇರೆ, ‘ತೆಗೆದುಹಾಕು’ ಬೇರೆ. ಸೆಟ್ ಆಫ್ ಅಂದರೆ ಪ್ರಯಾಣ ಹೊರಡು, ಪಟಾಕಿಗೆ ಹೇಳಿದರೆ ಸಿಡಿಸು. ಸೆಟ್ ಇನ್ ಅಂದರೆ ಮಳೆಯೋ ಚಳಿಯೋ ಹಿಡಿದುಕೊಳ್ಳುವುದು. ಸೆಟ್ ಅಪ್ ಅಂದರೆ ಅಂಗಡಿ ಇಡು, ಕಂಪನಿ ಶುರು ಮಾಡು. ಒಬ್ಬರನ್ನು ಸೆಟ್ ಅಪ್ ಮಾಡಿದರು ಅಂದರೆ ಮೋಸದಿಂದ ಸಿಕ್ಕಿಸಿದರು ಎಂದೂ ಆಗಬಹುದು. ಸೆಟ್ ಎಸೈಡ್ ಬಗ್ಗೆ ಸ್ವಲ್ಪ ಹುಷಾರು. ಮಗಳ ಓದಿಗೆ ದುಡ್ಡು ಸೆಟ್ ಎಸೈಡ್ ಮಾಡಿದ್ದೀರಿ ಅಂದರೆ ಜೋಪಾನವಾಗಿ ತೆಗೆದಿಟ್ಟಿದ್ದೀರಿ. ಜಮೀನಿನ ಕೇಸಿನಲ್ಲಿ ಕೆಳಗಿನ ಕೋರ್ಟಿನ ಆದೇಶವನ್ನು ಮೇಲಿನ ಕೋರ್ಟು ಸೆಟ್ ಎಸೈಡ್ ಮಾಡಿತು ಅಂದರೆ ರದ್ದು ಮಾಡಿತು. ಒಂದೇ ಜೋಡಿ ಪದ, ಒಂದು ಕಡೆ ಉಳಿಸುತ್ತದೆ, ಇನ್ನೊಂದು ಕಡೆ ಅಳಿಸುತ್ತದೆ. ಮನೆ ಕಟ್ಟುವಾಗ ಸುತ್ತ ಬಿಡುವ ಜಾಗ ಸೆಟ್‌ಬ್ಯಾಕ್, ಕೆಲಸ ಕೆಟ್ಟು ಹಿನ್ನಡೆಯಾದರೂ ಸೆಟ್‌ಬ್ಯಾಕ್. ‘ಅಪ್‌ಸೆಟ್’ ಮೊದಲು ಎತ್ತಿ ನಿಲ್ಲಿಸು ಅಂತಿತ್ತು, ಆಮೇಲೆ ಮಗುಚು ಅಂತ ತಿರುಗಿತು. ಈಗ ಹೊಟ್ಟೆಯೂ ಅಪ್‌ಸೆಟ್, ಮನಸ್ಸೂ ಅಪ್‌ಸೆಟ್. ಹರಾಜಿನಲ್ಲಿ ಮಾತ್ರ ಅಪ್‌ಸೆಟ್ ಪ್ರೈಸ್ ಅಂದರೆ ಕೂಗು ಶುರುವಾಗುವ ಕನಿಷ್ಠ ಬೆಲೆ. ಅಲ್ಲಿ ಯಾರೂ ಬೇಜಾರಾಗಿರುವುದಿಲ್ಲ, ಕೂಗಿ ಸಿಗದಿದ್ದವರ ಹೊರತು.

ಇಂಥ ಜೋಡಿಗಳನ್ನು ಒಂಟಿ ಪದವಾಗಿ ಬರೆದುಕೊಂಡರೆ ಪ್ರಯೋಜನ ಇಲ್ಲ. ಇಡೀ ವಾಕ್ಯವನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಹತ್ತು ಹದಿನೈದು ವಾಕ್ಯ ಕೈಗೆ ಬಂದರೆ ಪಿಯುಸಿ ಮಟ್ಟಕ್ಕೆ ಧಾರಾಳ.

ನಿಘಂಟಿನ ಆಯ್ಕೆಯೂ ಮುಖ್ಯ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಅರ್ಥಗಳನ್ನು ಇತಿಹಾಸದ ಸಾಲಿನಲ್ಲಿ ಜೋಡಿಸುತ್ತದೆ. ಹಳೆಯದು ಮೊದಲು, ಹೊಸದು ಆಮೇಲೆ. ಅಲ್ಲಿ ಮೊದಲನೇ ನಂಬರಿನ ಅರ್ಥವನ್ನು ಇವತ್ತು ಯಾರೂ ಬಳಸದೇ ಇರಬಹುದು. ಕಲಿಯುವವರಿಗಾಗಿ ಮಾಡಿದ ಲರ್ನರ್ಸ್ ಡಿಕ್ಷನರಿಗಳು ದಿನಬಳಕೆಯ ಅರ್ಥವನ್ನು ಮುಂದೆ ಇಡುತ್ತವೆ, ಉದಾಹರಣೆ ವಾಕ್ಯವನ್ನೂ ಕೊಡುತ್ತವೆ. ನಿಮ್ಮ ಮಗಳಿಗೆ ಬೇಕಾದದ್ದು ಇದು. ಪುಟಗಟ್ಟಲೆ ಇದ್ದರೂ ಮೊದಲ ಏಳೆಂಟು ಅರ್ಥ ಓದಿ ಮುಂದೆ ಹೋಗಲಿ, ಉಳಿದವನ್ನು ಎದುರಿಗೆ ಬಂದಾಗ ನೋಡಿದರಾಯಿತು.

ವ್ಯಾಕರಣದಲ್ಲಿ ಒಂದು ಗುಂಡಿ ಇದೆ. ಸೆಟ್‌ಗೆ ಭೂತಕಾಲದಲ್ಲೂ ಸೆಟ್ಟೇ. ‘ಸೆಟೆಡ್’ ಅಂತ ಬರೆದರೆ ಮಾರ್ಕು ಹೋಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದರ ಭೂತಕಾಲ ‘ಸೆಟ್ಟೆ’ ಅಂತ ಇತ್ತು. ಪದಗಳ ಬಾಲ ಉದುರಿಹೋದ ಮೇಲೆ ಎರಡೂ ಒಂದೇ ಥರ ಕಾಣತೊಡಗಿದವು. ಪುಟ್, ಕಟ್, ಹಿಟ್, ಲೆಟ್ ಕೂಡ ಹೀಗೇ ಬದಲಾಗದೆ ನಿಲ್ಲುತ್ತವೆ.

ಇನ್ನೊಂದು, ನಮ್ಮ ಕನ್ನಡದ ಸೆಟ್ ಅನ್ನು ಇಂಗ್ಲಿಷ್ ಪರೀಕ್ಷೆಗೆ ಹೊತ್ತುಕೊಂಡು ಹೋಗಬಾರದು. ‘ಈ ಶರ್ಟ್ ನಂಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಅಂತ ನಾವು ಆಡುವುದು ಚೆನ್ನಾಗಿದೆ, ಆದರೆ ಅದು ನಾವೇ ಕಟ್ಟಿಕೊಂಡ ಅರ್ಥ. ಇಂಗ್ಲಿಷಿನಲ್ಲಿ ಶರ್ಟಿನ ಅಳತೆಗೆ ಫಿಟ್, ಒಪ್ಪುವುದಕ್ಕೆ ಸೂಟ್, ಮನುಷ್ಯರು ಹೊಂದಿಕೊಳ್ಳುವುದಕ್ಕೆ ಗೆಟ್ ಅಲಾಂಗ್. ‘ಮದುವೆ ಡೇಟ್ ಸೆಟ್ ಆಯ್ತು’ ಅನ್ನುವುದು ಮಾತ್ರ ಅಲ್ಲೂ ನಡೆಯುತ್ತದೆ. ಪರೀಕ್ಷಾ ಕೊಠಡಿಯಲ್ಲಂತೂ ಎರಡೂ ಸೆಟ್ ಒಟ್ಟಿಗೆ ಇರುತ್ತವೆ. ಪ್ರಶ್ನೆಪತ್ರಿಕೆ ಸೆಟ್ ಮಾಡಿದವರು ಮೊದಲ ಪದದವರು, ಅವರು ಮಾಡಿದ ಸೆಟ್ ಎ, ಸೆಟ್ ಬಿ ಎರಡನೇ ಪದದ್ದು.

ಕೆ-ಸೆಟ್‌ಗೆ ಮಾತ್ರ ಇದ್ಯಾವುದರ ನಂಟೂ ಇಲ್ಲ. ಅದು ಕರ್ನಾಟಕ ಸ್ಟೇಟ್ ಎಲಿಜಿಬಿಲಿಟಿ ಟೆಸ್ಟ್ ಎಂಬುದರ ಚಿಕ್ಕ ರೂಪ, ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ. ಸ್ನಾತಕೋತ್ತರ ಪದವಿಯ ಹಂತಕ್ಕೆ ಬಂದಾಗ ಮಗಳು ಅದರ ಬಗ್ಗೆ ಯೋಚಿಸಿದರೆ ಸಾಕು.